ಬಂಡೆಯನ್ನು ಕೇಳಿದವನು

“ನೀವು ನಂಬುವುದಿಲ್ಲ ಗುರುಗಳೇ, ಬೇಕಾದರೆ ಪಂಥ ಕಟ್ಟಿ. ಇಷ್ಟು ದೊಡ್ಡ ಪ್ರಶ್ನೆಯನ್ನು ಈ ವಿದ್ಯಾಪೀಠದಲ್ಲಿ ಇದುವರೆಗೆ ಒಬ್ಬನೂ ಎತ್ತಿಲ್ಲ. ಪ್ರಬಂಧಕ್ಕೆ ಇದಕ್ಕಿಂತ ತಕ್ಕ ಪ್ರಶ್ನೆ ಇನ್ನೊಂದು ಉಂಟೇ?”

ಹೀಗೆ ಕೇಳಿದವನು ಹೊನ್ನೂರ. ಹಳ್ಳಿಯಿಂದ ಬಂದವನು, ಗಂಟಲು ದೊಡ್ಡದು, ಓದಿನಲ್ಲಿ ಎಲ್ಲರಿಗಿಂತ ಮುಂದು. ಅದನ್ನು ಬೇರೆಯವರು ಹೇಳಲಿ ಎಂದು ಅವನು ಕಾಯುತ್ತಿರಲಿಲ್ಲ. ಆ ವರ್ಷ ಅವನು ಓದಿದ್ದು ಒಬ್ಬ ರಾಣಿಯ ಕತೆ ಹೇಳುವ ಕಾವ್ಯ. ಅದರ ಮೇಲೆ ಪ್ರಬಂಧ ಬರೆದು ತುಂಬಿದ ಸಭೆಯಲ್ಲಿ ಓದಬೇಕೆಂದು ಅವನ ಆಸೆ. ಆದರೆ ಗುರುಗಳು ಪ್ರಶ್ನೆಯನ್ನು ಒಪ್ಪದೆ ಯಾರಿಗೂ ಸಭೆಯಲ್ಲಿ ಸರದಿ ಸಿಗುತ್ತಿರಲಿಲ್ಲ. ಹೊನ್ನೂರನೋ, ಸರದಿ ಸಿಕ್ಕೇಬಿಟ್ಟಿತು ಎಂದು ಊರೆಲ್ಲ ಸಾರಿ ಬಂದಿದ್ದ.

“ಮೊದಲ ಸಾಲಿನಲ್ಲಿ ಕೂರುವುದಕ್ಕೆ ನಮ್ಮ ಮಾವ ಹೊಸ ರುಮಾಲು ತಂದಿಟ್ಟಿದ್ದಾನೆ,” ಎಂದೂ ಸೇರಿಸಿದ.

“ಪ್ರಶ್ನೆ ಯಾವುದಪ್ಪ?”

“ಈ ಕಾವ್ಯದಲ್ಲಿ ಬದುಕು ಎಂದರೇನು?”

“ರಾಣಿಯ ಕಾವ್ಯವನ್ನು ತೆಗೆದು ಬೇರೊಂದನ್ನು ಇಟ್ಟರೂ ಈ ಪ್ರಶ್ನೆ ಹೀಗೇ ಇರುತ್ತದಲ್ಲ,” ಎಂದರು ಗುರುಗಳು. “ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ತೋಳು ತೊಲೆಯಂತಿದ್ದವು, ಮೀಸೆ ಅದಕ್ಕೂ ಮಿಗಿಲು. ಊರಿನ ದನಗಳಿಗೆ ನೀರು ಕುಡಿಯಲು ಒಂದು ಕಲ್ಲಿನ ತೊಟ್ಟಿ ಬೇಕಾಯಿತು. ಊರಾಚೆ ಒಂದು ಬಂಡೆಯಿತ್ತು. ಅವನ ಅಪ್ಪನ ಕೈಗೂ ಅದು ಬಗ್ಗಿರಲಿಲ್ಲ.

“ನಾನು ಒಡೆಯುತ್ತೇನೆ. ಒಡೆಯದಿದ್ದರೆ ಮೀಸೆ ಬೋಳಿಸಿಕೊಂಡು ಚಾವಡಿಯ ಮುಂದೆ ನಿಲ್ಲುತ್ತೇನೆ,” ಎಂದ.

ಊರಿಗೆ ಊರೇ ನೋಡಲು ಬಂತು. ಅವನು ತನ್ನಲ್ಲಿದ್ದ ದೊಡ್ಡ ಸಮ್ಮಟಿಗೆಯನ್ನೇ ಎತ್ತಿ ಬಂಡೆಯ ನಟ್ಟನಡುವೆ, ಎಲ್ಲರಿಗೂ ಕಾಣುವ ಕಡೆ, ಬಡಿದ. ಕಿಡಿ ಹಾರಿತು, ಚಕ್ಕೆ ಹಾರಿತು. ಬಂಡೆ ಇದ್ದ ಹಾಗೇ ಇತ್ತು. ಬಿಸಿಲು ನೆತ್ತಿಗೆ ಬಂದರೂ ಅವನು ಅದೇ ಜಾಗಕ್ಕೆ ಬಡಿಯುತ್ತಲೇ ಇದ್ದ.

“ಕ್ಷೌರದ ಕತ್ತಿ ಮಸೆಯಲು ಹೇಳೋಣವೇ?” ಎಂದು ಗುಂಪಿನಲ್ಲಿ ಯಾರೋ ಕೆಣಕಿದರು.

ಅವನ ಅಜ್ಜಿ ಬೇವಿನ ನೆರಳಲ್ಲಿ ಕೂತಿದ್ದಳು. “ಮೊದಲು ಬಂಡೆಯನ್ನು ಕೇಳೋ ಮಗನೇ,” ಎಂದಳು.

ಅವನು ಸೊಂಟದ ಮೇಲೆ ಕೈಯಿಟ್ಟು ನಿಂತು, “ಏನಲೇ ಬಂಡೆ, ಒಡೆಯುತ್ತೀಯೋ ಇಲ್ಲವೋ?” ಎಂದು ಕೂಗಿ ಕೇಳಿದ. ಊರು ನಕ್ಕಿತು.

“ಕೇಳು ಅಂದರೆ ಬಾಯಿ ತೆರೆಯುತ್ತೀಯಲ್ಲೋ. ಕಿವಿಯನ್ನು ಮನೆಯಲ್ಲಿ ಬಿಟ್ಟು ಬಂದೆಯಾ?” ಎಂದಳು ಅಜ್ಜಿ.

ಅವನು ಸಮ್ಮಟಿಗೆಯನ್ನು ಕೆಳಗಿಟ್ಟ. ಚಿಕ್ಕ ಸುತ್ತಿಗೆ ಹಿಡಿದು, ಬಂಡೆಗೆ ಕಿವಿಗೊಟ್ಟು, ಅಂಚಿನಿಂದ ತಟ್ಟುತ್ತ ಬಂದ. ಎಲ್ಲ ಕಡೆ ಠಣ್ ಎಂದಿತು. ಹಿಂಭಾಗದಲ್ಲಿ, ಯಾರೂ ನೋಡದ ಕಡೆ, ಒಂದೇ ಒಂದು ಜಾಗದಲ್ಲಿ ದಬ್ ಎಂದಿತು. ಅಲ್ಲಿ ಉಳಿಯಿಂದ ಕುಳಿ ಕೊರೆದು ಬೆಣೆ ಕೂರಿಸಿದ. ಆಮೇಲೆ ಅದೇ ದೊಡ್ಡ ಸಮ್ಮಟಿಗೆಯನ್ನು ಎತ್ತಿದ. ಬಂಡೆ ಎರಡಾಯಿತು.

ಮೀಸೆ ಉಳಿಯಿತು. ಅದನ್ನು ತಿರುವಿಕೊಂಡೇ ಅವನು ಊರೊಳಗೆ ಬಂದ. ಅವತ್ತು ಯಾರೂ ಬೇಡವೆನ್ನಲಿಲ್ಲ.

ಕತೆ ಮುಗಿಯಿತು. “ಹಾಗಾದರೆ ಸಮ್ಮಟಿಗೆ ದಂಡವಲ್ಲ,” ಎಂದ ಹೊನ್ನೂರ.

“ಅಲ್ಲ. ಎಲ್ಲಿ ಬೀಳಬೇಕು ಎಂದು ಕಲ್ಲು ಹೇಳಿದ ಮೇಲೆ.”

ಹೊನ್ನೂರ ಎದ್ದು ಹೋದ. ಕಾವ್ಯವನ್ನು ಮೊದಲ ಪದ್ಯದಿಂದ ಮತ್ತೆ ಹಿಡಿದ. ಈ ಸಲ ಬಾಯಿಬಿಟ್ಟು ಓದಿದ, ಓದಿದ್ದಕ್ಕೆ ಕಿವಿಗೊಟ್ಟ. ಸಭೆ ಹತ್ತಿರ ಬರುತ್ತಿತ್ತು. ಊರಿನಿಂದ ಮಾವ ಹೇಳಿ ಕಳಿಸಿದ್ದ, ರುಮಾಲು ಸುತ್ತಿ ನೋಡಿದ್ದೂ ಆಯಿತು ಎಂದು. ಹೊನ್ನೂರ ಅವಸರ ಮಾಡಲಿಲ್ಲ. ಓದಿ ಮುಗಿದ ದಿನ ಎದೆಯುಬ್ಬಿಸಿಕೊಂಡೇ ಗುರುಗಳ ಎದುರು ನಿಂತ.

“ರಾಣಿ ಪ್ರತಿ ಸಂಧಿಯಲ್ಲೂ ಮಾತನಾಡುತ್ತಾಳೆ. ಸೋತಾಗ ಬೈಯುತ್ತಾಳೆ, ಗಂಡ ಸತ್ತಾಗ ಹಾಡಿ ಹಾಡಿ ಅಳುತ್ತಾಳೆ. ಆದರೆ ಮಗ ಯುದ್ಧ ಗೆದ್ದು ಬಂದು ಎದುರು ನಿಂತಾಗ ಅವಳ ಬಾಯಲ್ಲಿ ಒಂದು ಮಾತೂ ಇಲ್ಲ. ಅಲ್ಲಿ ದಬ್ ಎಂದಿತು ಗುರುಗಳೇ. ಅಲ್ಲಿ ಮಾತ್ರ ಏಕೆ ಮಾತಿಲ್ಲ? ಇದೇ ನನ್ನ ಪ್ರಶ್ನೆ.”

“ಉತ್ತರ?”

“ಇನ್ನೂ ಗೊತ್ತಿಲ್ಲ. ಆದರೆ ಒಡೆಯುತ್ತೇನೆ. ಇಲ್ಲದಿದ್ದರೆ…” ಎಂದು ಹೊನ್ನೂರ ಮೀಸೆ ಮುಟ್ಟಿಕೊಂಡ.

ಗುರುಗಳು ಅವನನ್ನೇ ನೋಡಿದರು.

“ನನಗೂ ಗೊತ್ತಿಲ್ಲ. ಸಭೆಯ ದಿನ ನಿನ್ನ ಮಾವನ ಪಕ್ಕದಲ್ಲಿ ಕೂತು ನಾನೂ ಕೇಳುತ್ತೇನೆ.”

ಹೊನ್ನೂರನ ದೊಡ್ಡ ಗಂಟಲಿನಿಂದ ಮಾತು ಹೊರಡಲಿಲ್ಲ. ಸಭೆಯಲ್ಲಿ ಓದುವ ಸರದಿ ಅವನಿಗೆ ಸಿಕ್ಕಿತ್ತು.