ಅರ್ಧ ಮಾತು ಕೇಳಿ ಓಡಿದ ಚಿಗರಿ

"ಅಜ್ಜಿ, ಬಿಳಿಗುಡ್ಡದ ಹೊಂಡಕ್ಕೆ ದಾರಿ ಯಾವುದು? ಬೇಗ ಹೇಳು!"

ಕೇಳಿದವಳು ಮಿಂಚಿ ಎಂಬ ಚಿಗರಿ. ಕೇಳಿದ್ದು, ಕೆರೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಮೆಲುಕು ಹಾಕುತ್ತಿದ್ದ ಎಮ್ಮೆಯಜ್ಜಿಯನ್ನು. ಮಿಂಚಿ ದಾರಿ ತಪ್ಪಿ ಆಗಲೇ ಎರಡು ದಿಬ್ಬ ಸುತ್ತಿದ್ದಳು, ಪಾಪ.

ಮಕ್ಕಳೇ, ಆ ಕಾಡಿನಲ್ಲಿ ಉದ್ದೋಟದ ಪಂದ್ಯ ನಡೆದದ್ದು ಅದೇ ಮೊದಲು. ಬಿಳಿಗುಡ್ಡದ ಹೊಂಡದವರೆಗೆ ಎಂಟು ಹರದಾರಿ ದೂರ, ದಾರಿಗೆ ಒಂದು ಗುರುತೂ ಇಲ್ಲ. ಅಷ್ಟು ದೂರ ಹೇಗೆ ಓಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರ ಬಳಿಯೂ ಸಲಹೆ ಇತ್ತು. ನಡುವೆ ನೀರು ಕುಡಿದರೆ ಕಾಲು ಭಾರವಾಗುತ್ತದೆ ಎಂಬುದು ಅದರಲ್ಲೊಂದು.

ಗೆದ್ದವರ ಬಳಗಕ್ಕೆ ಬೇಸಿಗೆಯೆಲ್ಲ ಹೊಂಡದಲ್ಲಿ ಮೊದಲ ನೀರು, ಉಳಿದವರಿಗೆ ಓಡಿ ಬಂದ ಸರದಿಯಂತೆ. ಪಂದ್ಯವಿಲ್ಲದ ಹಿಂದಿನ ದಿನಗಳಲ್ಲಿ ಚಿಗರಿಗಳ ಪಾಲಿಗೆ ಪ್ರತಿ ವರ್ಷ ಉಳಿಯುತ್ತಿದ್ದುದು ಕಲಕಿದ ಕೆಸರು. ಮಿಂಚಿ ಓಡುತ್ತಿದ್ದುದು ಅದಕ್ಕೇ.

"ಬಾ ಮಗಳೇ, ಕೂತ್ಕೋ. ಯಾರ ಮಗಳು ನೀನು?"

"ಅಯ್ಯೋ ಅಜ್ಜಿ, ಪಂದ್ಯ! ನೆಂಟಸ್ತನ ಆಮೇಲೆ!"

"ಆಗಲಿ. ಆ ಮುತ್ತುಗದ ಮರ ಕಾಣ್ತದಲ್ಲ? ಅಲ್ಲಿ ಎಡಕ್ಕೆ ತಿರುಗಬೇ..."

ಅಷ್ಟರಲ್ಲಿ ಹೊಟ್ಟೆಯ ಹುಲ್ಲು ಬಾಯಿಗೆ ಬಂತು. ಅಜ್ಜಿ ಅಗಿಯತೊಡಗಿದಳು.

"ತಿಳೀತು ತಿಳೀತು! ಉಳಿದ ಮಾತು ಕೇಳೋದು ಸಾಲ ಇರಲಿ, ವಾಪಸ್ ಬರ್ತಾ ತೀರಿಸ್ತೀನಿ!"

ಮಿಂಚಿ ಚಿಮ್ಮಿದಳು. ಎಡಕ್ಕೆ ತಿರುಗಿದಳು. ಜಾಲಿಮುಳ್ಳು ತರಚಿತು, ಕಲ್ಲು ಕಾಲು ಕಚ್ಚಿತು. ದಿಬ್ಬ ಹತ್ತಿ ಇಳಿದರೆ ಎದುರಿಗೆ ನೀರು! "ಬಂದೇಬಿಟ್ಟೆ!" ಎಂದು ಕೂಗಿದಳು.

ನೋಡಿದರೆ ಅದೇ ಕೆರೆ. ಅದೇ ಎಮ್ಮೆ. ಅಜ್ಜಿ ಅಗಿದದ್ದನ್ನು ನಿಧಾನವಾಗಿ ನುಂಗಿ, "...ಡ" ಎಂದಳು.

"ಏನು?"

"ಎಡಕ್ಕೆ ತಿರುಗಬೇಡ ಅಂದೆ. ಎಲ್ಲಿ ಹೋಗಿದ್ದೆ?"

ಆಚೆ ದಡದಲ್ಲಿ, ಪಂದ್ಯದಲ್ಲಿದ್ದ ಕತ್ತೆಕಿರುಬ ಕುಂಟುತ್ತಾ ಹಾದುಹೋದ. "ಏನು ಮಿಂಚಕ್ಕ, ಇಲ್ಲೇ ಮನೆ ಮಾಡಿದ್ರಾ?"

ಮಿಂಚಿಯ ನಾಲ್ಕೂ ಕಾಲು ತುರಿಸಿದವು. ಆದರೂ ನಿಂತಳು.

"ನೆಟ್ಟಗೆ ಹೋಗು. ಹಳ್ಳ ಸಿಕ್ತದೆ. ದಾಟುವಾಗ ನೀರು ಕುಡಿಯಬೇ..."

ಮತ್ತೆ ಮೆಲುಕು! ಮಿಂಚಿ ಹಲ್ಲು ಕಚ್ಚಿ ಕಾದಳು.

"...ಕು."

ಓಡಿದಳು, ಹಳ್ಳದಲ್ಲಿ ಕುಡಿದಳು. ಮುಂದೆ ದಾರಿಯುದ್ದಕ್ಕೂ ಮೊಲ, ನರಿ, ಕಾಡುಹಂದಿ ನಾಲಿಗೆ ಚಾಚಿ ನೆರಳಿಗೆ ಬಿದ್ದಿದ್ದರು. ಎಲ್ಲರನ್ನೂ ದಾಟಿದಳು, ಕತ್ತೆಕಿರುಬನೊಬ್ಬನನ್ನು ಬಿಟ್ಟು. ಹೊಂಡ ಮುಟ್ಟಿದಾಗ ಅವನು ಒಂದು ಕಿವಿಯಷ್ಟು ಮುಂದಿದ್ದ. ದಿಬ್ಬ ಸುತ್ತದೆ ಇದ್ದಿದ್ದರೆ, ಎಂದು ಮಿಂಚಿ ನಿಟ್ಟುಸಿರಿಟ್ಟಳು.

ಎರಡನೆಯ ಸರದಿಯ ನೀರು ಚಿಗರಿಗಳಿಗೆ ಸಿಕ್ಕಿತು. ತೀರ ತಿಳಿನೀರಲ್ಲ, ಕೆಸರಂತೂ ಅಲ್ಲ. ಮಿಂಚಿಯ ತಾಯಿ ಬಗ್ಗಿ ನೋಡಿ, "ಇದರಲ್ಲಿ ಮುಖ ಕಾಣ್ತದಲ್ಲೇ!" ಎಂದು ಹಿಗ್ಗಿದಳು.

ಮರುದಿನ ಬೆಳಿಗ್ಗೆ ಮಿಂಚಿ ಕೆರೆದಂಡೆಗೆ ಬಂದು ಕಾಲು ಮಡಚಿ ಕೂತಳು.

"ಸಾಲ ತೀರಿಸೋಕೆ ಬಂದೆ ಅಜ್ಜಿ. ಹೇಳು, ಪೂರಾ ಕೇಳ್ತೀನಿ."

ಅಜ್ಜಿ ತನ್ನ ಮೊದಲ ಕರುವಿನ ಕತೆ ಶುರುಮಾಡಿದಳು. ಬಿಸಿಲೇರಿತು, ನೆರಳು ಸರಿಯಿತು. "ಅಷ್ಟೊತ್ತಿಗೆ ಹುಲಿ ಬಂತು ನೋಡು. ನನ್ನ ಕರು ನನ್ನ ಬಿಟ್ಟು ಓಡಿಹೋಗ..."

ಅಜ್ಜಿ ಮೆಲುಕಿಗಿಳಿದಳು. ಮಿಂಚಿಯ ಒಂದು ಕಿವಿಯೂ ಅಲುಗಲಿಲ್ಲ.

"...ಲಿಲ್ಲ" ಎಂದಳು ಅಜ್ಜಿ, ಕಣ್ಣು ತುಂಬಿಕೊಂಡು.

ನೀತಿ: ದಾರಿ ಕೇಳಿದ ಮೇಲೆ ಕೊನೆಯ ಅಕ್ಷರದವರೆಗೂ ನಿಲ್ಲಬೇಕು, ಬೇಕೋ ಬೇಡವೋ ತಿಳಿಯುವುದು ಅಲ್ಲೇ.