ಅಂಗೈಯ ಬಿಸಿ

ವಿನುತಳ ಕನ್ನಡಿಯ ಮುಂದೆ ಒಂದು ಬಾಟಲಿ ಕೊಬ್ಬರಿ ಎಣ್ಣೆ ಇತ್ತು. ಚಳಿಗಾಲ ಬಂತೆಂದರೆ ಅದು ಕಲ್ಲಿನಂತೆ ಹೆಪ್ಪುಗಟ್ಟುತ್ತಿತ್ತು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ವಿನುತ ಕೂದಲಿಗೆ ಸೀರಮ್ ಸವರಿ, ಮಿರಮಿರ ಮಿಂಚಿಸಿಕೊಂಡು ನಡೆಯುತ್ತಿದ್ದಳು. ಭಾನುವಾರ ಮಾತ್ರ ಎಣ್ಣೆಯ ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕರಗುವವರೆಗೂ ಬಿಸಿಲಲ್ಲಿ ಕೂರುತ್ತಿದ್ದಳು. ಎಣ್ಣೆಗೆ ಅಷ್ಟು ಸಾಲಲಿಲ್ಲ.

"ಈ ಗಡಸುತನ ಹೋದರೆ ಅವಳು ದಿನವೂ ನನ್ನನ್ನೇ ಎತ್ತಿಕೊಳ್ಳುತ್ತಾಳೆ. ನಿನ್ನದೊಂದಿಷ್ಟು ಕೊಡು," ಎಂದು ಅದು ಪಕ್ಕದ ಬಾಟಲಿಯ ಹರಳೆಣ್ಣೆಯನ್ನು ಬೇಡಿತು.

"ನನ್ನೊಡನೆ ಬೆರೆತದ್ದು ಮತ್ತೆ ಹೆಪ್ಪುಗಟ್ಟುವುದಿಲ್ಲ. ಯೋಚಿಸಿ ಕೇಳು," ಎಂದಿತು ಹರಳೆಣ್ಣೆ.

"ಅದೇ ಬೇಕಾಗಿರುವುದು," ಎಂದಿತು ಕೊಬ್ಬರಿ ಎಣ್ಣೆ.

ಹರಳೆಣ್ಣೆ ತನ್ನದೊಂದಿಷ್ಟು ಕೊಟ್ಟಿತು. ಬಯಸಿದಂತೆಯೇ ಆಯಿತು. ವಿನುತ ದಿನವೂ ಎರಡು ಹನಿ ಬಗ್ಗಿಸಿಕೊಂಡು, ತಲೆಗೆ ಸವರಿ, ಬಾಟಲಿಯನ್ನು ಕುಕ್ಕಿ ಓಡಿದಳು. ಭಾನುವಾರವೂ ಹಾಗೆಯೇ ಓಡಿದಳು. ಬಿಸಿಲು ಹೊಸ್ತಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಇನ್ನೇನು ಬೇಕು ನಿನಗೆ?" ಎಂದು ಹರಳೆಣ್ಣೆ ಕೇಳಿತು.

ಮರುದಿನ ಮುಂಜಾನೆ ಗಡಗಡ ನಡುಗಿಸುವ ಚಳಿ ಬಿತ್ತು. ಆ ಎರಡು ಅಂಗೈಗಳನ್ನು ನೆನೆಯುತ್ತಾ, ಗಟ್ಟಿಯಾಗಲು ಕೊಬ್ಬರಿ ಎಣ್ಣೆ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿತು. ಒಂದು ಹನಿಯೂ ಹೆಪ್ಪುಗಟ್ಟಲಿಲ್ಲ.