ಎತ್ತರಕ್ಕೆ ಕಟ್ಟಿದ ಸೊಪ್ಪು

"ಗುರುಗಳೇ, ಮೊದಲೆಲ್ಲ ಏನು ಕೇಳಿದರೂ ಬಿಡಿಸಿ ಬಿಡಿಸಿ ಹೇಳುತ್ತಿದ್ದಿರಿ. ಈಗ ಅರ್ಧ ಹೇಳಿ ಸುಮ್ಮನಾಗುತ್ತೀರಿ. ಮಿಕ್ಕ ಅರ್ಧವನ್ನು ಯಾರಿಗೆಂದು ಬಚ್ಚಿಟ್ಟಿದ್ದೀರಿ?"

ಕೇಳಿದ ಶಿಷ್ಯನ ಬಗಲಲ್ಲಿ ಬಟ್ಟೆಯ ಗಂಟಿತ್ತು. ಉತ್ತರ ಸಿಗದಿದ್ದರೆ ಆಶ್ರಮ ಬಿಡುವುದೆಂದು ನಿಶ್ಚಯಿಸಿಯೇ ಬಂದಿದ್ದ. ಗುರು ಗಂಟನ್ನು ನೋಡಿದರು. ಕತೆ ಶುರುಮಾಡಿದರು.

ಆಡು ಕಾಯುವವನೊಬ್ಬನಿದ್ದ. ಅವನಲ್ಲಿ ಒಂದು ಮುದಿ ಆಡಿತ್ತು. ಎಂಥ ಆಡು ಅಂತೀಯ! ಅದು ಈ ಗುಡ್ಡದಲ್ಲಿ ಸೀನಿದರೆ ಆಚೆ ಗುಡ್ಡದ ತೋಳ ಮಕ್ಕಳುಮರಿ ಕಟ್ಟಿಕೊಂಡು ಊರು ಬಿಡುತ್ತಿತ್ತು. ಮುಪ್ಪಿನಲ್ಲಿ ಅದು ಒಂದು ಹೆಣ್ಣುಮರಿ ಹಾಕಿತು. ಆ ಮರಿ ಉಳಿದರೆ ತಳಿ ಉಳಿಯಿತು, ಹೋದರೆ ಹೋಯಿತು.

ಹಾಲು ಬಿಡಿಸುವ ಕಾಲ ಬಂತು. ಅವನು ತಾಯಿಯ ಕೆಚ್ಚಲಿಗೆ ಸಗಣಿ ಬಳಿದ. ಬೆಳಿಗ್ಗೆ ಮರಿಗೆ ಒಂದು ಹಿಡಿ ನೆನೆಸಿದ ಹುರುಳಿ ಕೊಟ್ಟ. ಅತ್ತಿ ಸೊಪ್ಪಿನ ಕಟ್ಟನ್ನು ಮಾತ್ರ ಜಂತಿಗೆ ತೂಗುಹಾಕಿದ, ಬಾಯಿಗೆ ಎಟುಕದಷ್ಟು ಎತ್ತರಕ್ಕೆ. ಮರಿ ಅರಚಿತು.

ಹೆಂಡತಿ ಓಡಿಬಂದಳು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ನೀವು ಗಾದೆಯನ್ನೇ ಸುಳ್ಳು ಮಾಡೋಕೆ ಹೊರಟಿರಲ್ಲ! ಮಗ್ಗುಲ ಮನೆಯವನನ್ನು ನೋಡಿ, ತರಿದು ತರಿದು ತೊಟ್ಟಿಗೆ ಹಾಕ್ತಾನೆ."

"ಈ ಮರಿ ಅತ್ತಿತೆಂದು ಗುಡ್ಡದ ಮರ ಬಗ್ಗುತ್ತದೇನೇ?" ಅಂದ.

ಅಂದದ್ದೇನೋ ಅಂದ. ಕೈ ಹಗ್ಗದ ಗಂಟಿನ ತನಕ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಆದರೂ ಕಟ್ಟನ್ನು ಇಳಿಸಲಿಲ್ಲ.

ಮಾರನೆಯ ದಿನ ಮರಿ ಅಳುವುದು ಬಿಟ್ಟಿತು. ಅವನನ್ನು ದುರುಗುಟ್ಟಿ ನೋಡಿತು. ಬಂದು ಮೊಣಕಾಲಿಗೆ ಗುದ್ದಿತು. ಅವನು ಸರಿಯಲಿಲ್ಲ, ಅಲ್ಲೇ ಕಟ್ಟಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತ. ಮರಿ ಮುಂಗಾಲುಗಳನ್ನು ನೇರ ಅವನ ಎದೆಗೇ ಊರಿತು, ಸೆಟೆದು ನಿಂತು ಸೊಪ್ಪಿಗೆ ಬಾಯಿ ಹಾಕಿತು. ಗೊರಸು ಗೀರಿ ಎದೆಯಲ್ಲಿ ರಕ್ತ ಬಂತು. ಅವನು ಊರೆಲ್ಲ ಕೇಳುವಂತೆ ನಕ್ಕ.

ಬೇಸಗೆಯಲ್ಲಿ ನೆಲದ ಹಸಿರೆಲ್ಲ ಸುಟ್ಟುಹೋಯಿತು. ತೊಟ್ಟಿಯಲ್ಲಿ ತಿಂದು ದುಂಡಗಾದ ಮರಿಗಳು ಮರದ ಬುಡದಲ್ಲಿ ನಿಂತು ಅರಚಿದವು. ಇವಳು ಹಿಂಗಾಲ ಮೇಲೆ ನಿಂತು ಮೇಯ್ದಳು. ಚಂದ್ರನ ಅಂಚು ಕಚ್ಚಿದಳೆಂದು ಜನ ಹೇಳುತ್ತಾರೆ. ಸುಳ್ಳು ಯಾಕೆ, ನಾನು ಕಂಡದ್ದು ಆಲದ ತುದಿಯ ತನಕ ಮಾತ್ರ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಸಿಟ್ಟು ಇಳಿಯಲಿಲ್ಲ.

"ನಾನು ಕೇಳಿದ್ದು ಆಡಿನ ಕತೆಯನ್ನಲ್ಲ. ಹೇಳದಿದ್ದರೆ ಬಿಡಿ! ಮಿಕ್ಕ ಅರ್ಧವನ್ನು ನಾನೇ ಹುಡುಕಿಕೊಳ್ಳುತ್ತೇನೆ, ನಿಮ್ಮ ಹಂಗು ಬೇಡ!"

ಗುರು ಮೆಲ್ಲಗೆ ಎದೆ ಸವರಿಕೊಂಡರು.

"ಅಂತೂ ಇವತ್ತು ನಿನ್ನ ಗೊರಸು ತಾಗಿತಲ್ಲೋ, ಮಗನೇ."